ಯಜಮಾನಿಯ ಅಂಗಿಯ ಗುಂಡಿಗಳು

ಆ ಹುಡುಗಿಯ ಅಂಗಿಗಳಿಗೆಲ್ಲ ಮುಂದುಗಡೆಯೇ ಗುಂಡಿ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಸಾಲಾಗಿ, ಹೊಳೆಯುವ, ಅಗಲವಾದ ಗುಂಡಿಗಳು. ಅವಳ ಬೆರಳುಗಳು ಹುಟ್ಟಿದಾಗಿನಿಂದ ಒಳಕ್ಕೆ ಮಡಿಚಿಕೊಂಡೇ ಇದ್ದವು. ಮಾತು ಬರುತ್ತಿರಲಿಲ್ಲ. ನಡೆದರೆ ಒಂದು ಹೆಗಲು ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿಯುತ್ತಿತ್ತು. ಇಂಥ ಮಗುವಿಗೆ ತಲೆಯ ಮೇಲಿಂದ ಇಳಿಬಿಡುವ ಸಡಿಲ ಗೌನು ಹೊಲಿದರೆ ಸಾಕಲ್ಲವೇ ಎಂದು ಅಕ್ಕಪಕ್ಕದವರು ಹೇಳಿ ಹೇಳಿ ಸೋತಿದ್ದರು. ತಾಯಿ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

“ಊರವರ ಅಂಗಿಗೆಲ್ಲ ಕಾಜ ಹಾಕೋಳು ನಾನು. ನನ್ನ ಮಗಳಿಗೆ ಮಾತ್ರ ಗೋಣಿಚೀಲ ಇಳಿಬಿಟ್ಟ ಹಾಗೆ ಬಿಡ್ಲಾ?” ಎನ್ನುತ್ತಿದ್ದಳು.

ಗುಂಡಿ ತೂರಲು ಅಂಗಿಯಲ್ಲಿ ಬಿಡುವ ಸೀಳೇ ಕಾಜ. ಹೊಲಿಗೆ ಅಂಗಡಿಯಲ್ಲಿ ಕೂತು ಕಾಜ ಹಾಕುವುದೇ ಅವಳ ಕಸುಬಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಕಾಜಕ್ಕ. ಅಂಗಡಿ ಅಂದರೆ ಒಂದು ಉದ್ದನೆಯ ಕೋಣೆ. ಬಾಗಿಲ ಬಳಿ ಮಾಸ್ಟರು ನಿಂತು ಬಟ್ಟೆ ಕತ್ತರಿಸುವ ಮೇಜು, ಅದರ ಹಿಂದೆ ಕಟಕಟ ಸದ್ದಿನ ಮಿಷನ್ನುಗಳು, ಎಲ್ಲಕ್ಕಿಂತ ಹಿಂದೆ ಕಿಟಕಿ ಪಕ್ಕ ಕಾಜಕ್ಕನ ಸ್ಟೂಲು. ಕಾಜ ಹಾಕುವ ಮಿಷನ್ನು ಬಂದು ಎಷ್ಟೋ ಕಾಲವಾಗಿದ್ದರೂ ಆ ಮಾಸ್ಟರಿಗೆ ಕೈ ಕಾಜವೇ ಆಗಬೇಕು. ಸೀಮೆಸುಣ್ಣದ ಗೆರೆ, ಗೆರೆಯ ಮೇಲೆ ಕತ್ತರಿಯ ತುದಿಯಿಂದ ಒಂದು ಸೀಳು, ಆಮೇಲೆ ಸೀಳಿನ ಅಂಚಿನುದ್ದಕ್ಕೂ ಒತ್ತೊತ್ತಾಗಿ ಗಂಟಿನ ಹೊಲಿಗೆ. ಸೀಳು ಗುಂಡಿಗಿಂತ ಒಂದು ನೂಲೆಳೆಯಷ್ಟೇ ದೊಡ್ಡದಿರಬೇಕು. ಕಡಿಮೆಯಾದರೆ ಗುಂಡಿ ಒಳಗೆ ಹೋಗುವುದಿಲ್ಲ, ಹೆಚ್ಚಾದರೆ ಒಳಗೆ ನಿಲ್ಲುವುದಿಲ್ಲ.

ಮಗು ನಡೆಯುವ ವಯಸ್ಸು ದಾಟಿದರೂ ನಡೆಯದಿದ್ದ ವರ್ಷ ಗಂಡ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ ಎಂದು ಹೊರಟಿದ್ದ. “ಕೆಲಸ ನಿಜವಾಗ್ಲೂ ಸಿಕ್ಕಿತ್ತು. ವಾಪಸ್ ಬರೋ ದಾರಿ ಮಾತ್ರ ಸಿಗಲಿಲ್ಲ ಪಾಪ,” ಎಂದು ಕಾಜಕ್ಕ ಮಿಷನ್ನಿನವರನ್ನೆಲ್ಲ ನಗಿಸುತ್ತಿದ್ದಳು. ಅಂಗಡಿಯೆಂದರೆ ಅವಳಿಗೆ ಜೀವ. ಮನೆಯಲ್ಲಿ ಆಡದ ಮಾತನ್ನೆಲ್ಲ ಅಲ್ಲಿ ಆಡಿ ಮುಗಿಸುತ್ತಿದ್ದಳು.

ಸಂಜೆ ವಿಶೇಷ ಶಾಲೆಯ ವ್ಯಾನು ಮಗಳನ್ನು ಅಂಗಡಿಯ ಮುಂದೆ ಇಳಿಸಿ ಹೋಗುತ್ತಿತ್ತು. ಅವಳು ಹೆಗಲು ಬೀಸುತ್ತ ಒಳಗೆ ಬಂದರೆ ಮಾಸ್ಟರು ಕತ್ತರಿ ಕೆಳಗಿಟ್ಟು ಕೈಕಟ್ಟಿ ನಿಲ್ಲುತ್ತಿದ್ದರು.

“ಯಜಮಾನಿ ಬಂದ್ರು. ಎಲ್ರೂ ಮಾತು ನಿಲ್ಸಿ ಕೆಲಸ ನೋಡಿ. ಯಜಮಾನಿ, ಈ ಕಾಜಕ್ಕ ಬೆಳಗಿಂದ ಬರೀ ಹರಟೆ ಹೊಡೀತಾ ಇದಾಳೆ, ತೆಗೆದುಹಾಕ್ಲಾ?”

ಹುಡುಗಿ ಗಂಟಲಲ್ಲಿ ಗೊಳಗೊಳ ನಗುತ್ತಿದ್ದಳು. ಹಾಗೆ ಅವಳ ಹೆಸರು ಯಜಮಾನಿ ಎಂದೇ ಆಗಿಹೋಯಿತು.

ಯಜಮಾನಿಗೆ ಹದಿನೆಂಟು ತುಂಬುವುದರಲ್ಲಿತ್ತು. ತುಂಬಿದವರನ್ನು ಆ ಶಾಲೆ ಇಟ್ಟುಕೊಳ್ಳುತ್ತಿರಲಿಲ್ಲ. ಊರಿನ ಇನ್ನೊಂದು ಕೊನೆಯಲ್ಲಿ ಇಂಥ ದೊಡ್ಡ ಮಕ್ಕಳಿಗಾಗಿ ಒಂದು ಕೇಂದ್ರವಿತ್ತು. ಅಲ್ಲಿ ಕಾಗದದ ಚೀಲ ಅಂಟಿಸುತ್ತಿದ್ದರು, ಸೋಪು ಪೊಟ್ಟಣ ಕಟ್ಟುತ್ತಿದ್ದರು, ಮಧ್ಯಾಹ್ನ ಎಲ್ಲ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಆದರೆ ತಾವೇ ಉಣ್ಣುವವರನ್ನು, ತಾವೇ ಪಾಯಖಾನೆಗೆ ಹೋಗಿಬರುವವರನ್ನು, ಕೆಲಸದ ಅಂಗಿಯನ್ನು ತಾವೇ ತೊಟ್ಟು ಬಿಚ್ಚುವವರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಮೊದಲಿನ ಎರಡನ್ನೂ ಯಜಮಾನಿ ಕಷ್ಟಪಟ್ಟು ಕಲಿತಿದ್ದಳು. ಉಳಿದದ್ದು ಅಂಗಿ. ಅಲ್ಲಿ ಜಾಗ ಸಿಗದಿದ್ದರೆ ಹಗಲೆಲ್ಲ ಅವಳ ಜೊತೆ ಯಾರು? ಕೋಣೆಗೆ ಬೀಗ ಹಾಕಿ ಕೆಲಸಕ್ಕೆ ಹೋಗುವ ತಾಯಂದಿರನ್ನು ಕಾಜಕ್ಕ ಕಂಡಿದ್ದಳು. ಅವರನ್ನು ಬೈಯಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ.

ಇದು ಮೊದಲೇ ಗೊತ್ತಿದ್ದರಿಂದ ಎಷ್ಟೋ ವರ್ಷಗಳಿಂದ ದಿನಾ ಬೆಳಿಗ್ಗೆ ಆ ಮನೆಯಲ್ಲಿ ಒಂದು ಯುದ್ಧ. ಯಜಮಾನಿ ಮಂಚದ ಅಂಚಿಗೆ ಕೂತು, ನಾಲಿಗೆಯ ತುದಿ ಹೊರಗೆ ಹಾಕಿ, ಹೆಬ್ಬೆರಳಿನ ಬುಡದಿಂದ ಗುಂಡಿಯನ್ನು ಒತ್ತುವಳು. ಅದು ಜಾರುವುದು. ಮತ್ತೆ ಒತ್ತುವಳು. ಆಗದೇ ಆಗದು ಅನ್ನಿಸಿದಾಗ ಅಂಗಿಯನ್ನು ಕಳಚಿ ಸುತ್ತಿ ತಂದು ಅಮ್ಮನ ಮಡಿಲಲ್ಲಿ ಇಡುವಳು. ಕಾಜಕ್ಕ ಕತ್ತರಿ ತೆಗೆದುಕೊಂಡು, ಕಾಜದ ಒಂದು ಕೊನೆಯ ಹೊಲಿಗೆ ಬಿಚ್ಚಿ, ಸೀಳನ್ನು ಒಂದು ನೂಲೆಳೆ ಉದ್ದ ಮಾಡಿ, ಮತ್ತೆ ಅಂಚು ಕಟ್ಟಿ ಕೊಡುವಳು.

“ತಗೋ, ಈಗ ನೋಡು. ಈಗ ಹೇಗೆ ಹೋಗಲ್ಲ ಅದು, ನಾನೂ ನೋಡ್ತೀನಿ.”

ಗುಂಡಿ ಹೋಗುವುದು. ಇಬ್ಬರೂ ಕುಣಿದಾಡುವರು. ಸ್ವಲ್ಪ ದಿನ ಕಳೆದ ಮೇಲೆ ಇನ್ನೊಂದು ನೂಲೆಳೆ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಹೊಸ ಅಂಗಿ ಹೊಲಿಯುವಾಗ ಹಳೆಯದರ ಅಳತೆಯನ್ನೇ ಇಡುವಳು. ಕೊನೆಗೆ ಯಜಮಾನಿ ಮೇಲಿಂದ ಕೆಳಗಿನವರೆಗೆ ಎಲ್ಲ ಗುಂಡಿಗಳನ್ನೂ ತಾನೇ ಹಾಕಿಕೊಳ್ಳುವ ದಿನ ಬಂತು. ಮಧ್ಯಾಹ್ನದ ಹೊತ್ತಿಗೆ ಗುಂಡಿಗಳು ತಮ್ಮಷ್ಟಕ್ಕೆ ಬಿಚ್ಚಿಕೊಳ್ಳುತ್ತವೆಂದು ಕಾಜಕ್ಕ ಒಳಗಿನಿಂದ ಒಂದು ಪಿನ್ನು ಚುಚ್ಚಿ ಕಳಿಸುತ್ತಿದ್ದಳು. ಕಲಿತದ್ದು ಬೆರಳೋ, ಸೋತುಕೊಟ್ಟದ್ದು ಕಾಜವೋ ಎಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲೇ ಇಲ್ಲ.

ಆ ಸುಮಾರಿಗೇ ಓದುವ ಹುಡುಗಿ ಬಂದದ್ದು.

ಶಾಲೆಯವರು ತಾಯಂದಿರನ್ನು ಕರೆಸುವ ದಿನಗಳಲ್ಲಿ ಕಾಜಕ್ಕ ಒಂದು ಗಂಟು ಕೆಲಸ ಹೊತ್ತುಕೊಂಡೇ ಹೋಗಿ ಮೊಗಸಾಲೆಯ ಬೆಂಚಿನ ಮೇಲೆ ಕೂತು ಹೊಲಿಯುತ್ತಿದ್ದಳು. ಅಲ್ಲಿಗೆ ಕಡ್ಡಿಯಂಥ ಒಬ್ಬ ಹುಡುಗಿ ಬಂದು ನಿಂತಳು. ದಪ್ಪ ಕನ್ನಡಕ, ಬೆರಳು ಮುಚ್ಚುವಷ್ಟು ಉದ್ದ ತೋಳಿನ ಸ್ವೆಟರು.

“ಅಕ್ಕಾ, ನಾನು ಮನಸ್ಸಿನ ವಿಷಯ ಓದ್ತಾ ಇದೀನಿ. ಇಲ್ಲಿನ ಅಮ್ಮಂದಿರನ್ನ ಕೆಲವು ಪ್ರಶ್ನೆ ಕೇಳ್ಬೇಕಿತ್ತು.”

“ಕೇಳಮ್ಮ, ಕೂತ್ಕೊಂಡು ಕೇಳು. ಲೆಕ್ಕ ಮಾತ್ರ ಕೇಳ್ಬೇಡ, ಅದರ ಕಾಟಕ್ಕೇ ನಾನು ಶಾಲೆ ಬಿಟ್ಟಿದ್ದು.”

ಹುಡುಗಿ ನಕ್ಕಳು. ಒಂದೊಂದೇ ವಾಕ್ಯ ಓದಿದಳು. ಪೂರ್ತಿ ಒಪ್ತೀರಾ, ಸ್ವಲ್ಪ ಒಪ್ತೀರಾ, ಒಪ್ಪಲ್ವಾ, ಅಷ್ಟೇ ಹೇಳಬೇಕಾಗಿತ್ತು.

“‘ನನ್ನ ಮಗು ಹೇಗಿದೆಯೋ ಹಾಗೆಯೇ ನಾನು ಸ್ವೀಕರಿಸಿದ್ದೇನೆ.’”

“ಹೆತ್ತಾಯ್ತು, ಇನ್ನೇನು ಅಂಗಡಿಗೆ ವಾಪಸ್ ಕೊಡಕ್ಕಾಗುತ್ತಾ? ಪೂರ್ತಿ ಅಂತ ಬರ್ಕೋ.”

“‘ನನ್ನ ಮಗು ಬೇರೆ ಮಕ್ಕಳ ಹಾಗಾಗಲಿ ಎಂದು ಈಗಲೂ ಕಾಯುತ್ತೇನೆ.’”

ಕಾಜಕ್ಕನ ಸೂಜಿ ಒಂದು ಗಳಿಗೆ ಬಟ್ಟೆಯಲ್ಲೇ ನಿಂತಿತು.

“ಇಲ್ಲಪ್ಪ,” ಎಂದಳು. ನೂಲನ್ನು ಹಲ್ಲಿನಿಂದ ಕಡಿದಳು. “ಅದೆಲ್ಲ ಎಂದೋ ಮುಗಿದ ಕತೆ.”

ಮುಂದಿನ ಸಲ ಬಂದಾಗ ಹುಡುಗಿ, ಎಲ್ಲ ತಾಯಂದಿರಿಗಿಂತ ನಿಮಗೇ ಹೆಚ್ಚು ಅಂಕ ಬಂದಿದೆ ಅಕ್ಕ, ಒಪ್ಪಿಕೊಂಡಿರೋದರಲ್ಲಿ ನೀವೇ ಮೊದಲು, ಎಂದಳು. ಹೇಳಬಾರದಿತ್ತೇನೋ, ಆದರೂ ಹೇಳಿದಳು. ಜೀವನದಲ್ಲಿ ಯಾವ ಪರೀಕ್ಷೆಯಲ್ಲೂ ಪಾಸಾಗದ ಕಾಜಕ್ಕ ಆವತ್ತು ಅಂಗಡಿಗೆ ಗಾಳಿಯಲ್ಲಿ ತೇಲಿಕೊಂಡೇ ಬಂದಳು.

“ಮಾಸ್ಟ್ರೇ, ನಾನು ಫಸ್ಟ್ ಬಂದೆ.”

“ಯಾತರಲ್ಲಿ, ಹರಟೇಲಾ? ಏನು ಕೊಡ್ತಾರಂತೆ, ಕಪ್ಪೋ ಮೆಡಲ್ಲೋ?”

“ನಿಮ್ಮ ತಲೆ.”

ಪ್ರಶ್ನೆಗಳೆಲ್ಲ ಮುಗಿದಿದ್ದವು. ಆದರೂ ಒಂದು ಭಾನುವಾರ ಹುಡುಗಿ ಮನೆಯ ಬಾಗಿಲು ತಟ್ಟಿದಳು. “ಒಂದು ಪ್ರಶ್ನೆ ಉಳಿದುಹೋಗಿತ್ತು ಅಕ್ಕ.” ಇನ್ನೊಂದು ಭಾನುವಾರವೂ ಒಂದು ಪ್ರಶ್ನೆ ಉಳಿದುಹೋಗಿತ್ತು. ಆಮೇಲೆ ಕಾಜಕ್ಕನೇ ಬಾಗಿಲು ತೆಗೆಯುತ್ತ, “ಬಾರಮ್ಮ, ಇವತ್ತು ಯಾವುದು ಉಳಿದಿದೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಟೀಗೆ ನೀರಿಡುತ್ತಿದ್ದಳು.

ಯಜಮಾನಿಗೆ ಅವಳ ಸ್ವೆಟರೆಂದರೆ ಪ್ರಾಣ. ಹೆಣಿಗೆಯ ಸ್ವೆಟರು, ಅದರ ಕಾಜಗಳು ಎಳೆದಷ್ಟು ಹಿಗ್ಗುವಂಥವು. ಹುಡುಗಿ ನೆಲದ ಮೇಲೆ ಅಲುಗಾಡದೆ ಕೂರುವಳು. ಯಜಮಾನಿ ಎದುರು ಕೂತು ಒಂದೊಂದೇ ಗುಂಡಿ ಹಾಕುವಳು, ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಸೆಕೆಯಲ್ಲಿ ಬೆವರು ಇಳಿಯುತ್ತಿದ್ದರೂ ಹುಡುಗಿ ಕುತ್ತಿಗೆಯವರೆಗೆ ಸೊಟ್ಟಂಬಟ್ಟ ಗುಂಡಿ ಹಾಕಿಸಿಕೊಂಡೇ ಎದ್ದು ಹೋಗುತ್ತಿದ್ದಳು. ಬೀದಿಯ ತಿರುವಿನವರೆಗೂ ಒಂದನ್ನೂ ಬಿಚ್ಚುತ್ತಿರಲಿಲ್ಲ. ಕಾಜಕ್ಕ ಕಿಟಕಿಯಿಂದ ನೋಡಿದ್ದಳು.

“ನಿನ್ನ ಜೊತೆ ಓದೋರು ಯಾರೂ ಇಲ್ವೇನೆ? ಭಾನುವಾರ ಬಂದ್ರೆ ಈ ಮುದುಕಿ ಮನೆಗೆ ಓಡಿ ಬರ್ತೀಯಲ್ಲ?” ಎಂದು ಒಮ್ಮೆ ಕೇಳಿದಳು.

“ಇದಾರೆ ಅಕ್ಕ. ಅವರು ಇದೇ ಕೆಲಸದ ಇನ್ನೊಂದು ಅರ್ಧ ಮಾಡ್ತಿದಾರೆ. ಹಾಸ್ಟೆಲ್ ಮಕ್ಕಳಿಗೆ ಎಷ್ಟು ಒಂಟಿ ಅನ್ಸುತ್ತೆ ಅಂತ ಕೇಳೋದು. ಪ್ರಶ್ನೆ ಸರಿ ಇದೆಯಾ ನೋಡೋಕೆ ಮೊದಲು ನನ್ನನ್ನೇ ಕೇಳಿದ್ರು.”

“ಎಷ್ಟು ಬಂತು ನಿನಗೆ?”

“ತುಂಬಾ ಬಂತು.” ಹುಡುಗಿ ನಗಲು ನೋಡಿದಳು. “ಆದ್ರೆ ಅದು ಲೆಕ್ಕಕ್ಕಿಲ್ಲ ಅಂದ್ರು. ಸುಮ್ನೆ ಪರೀಕ್ಷೆ ಮಾಡಿ ನೋಡಿದ್ದಲ್ವಾ?”

ಕಾಜಕ್ಕ ಅವಳ ಲೋಟಕ್ಕೆ ಇನ್ನಷ್ಟು ಟೀ ಸುರಿದಳು.

ಅದೇ ತಿಂಗಳು ಅಂಗಡಿಯಲ್ಲಿ ಒಂದು ಎಡವಟ್ಟಾಯಿತು. ಹೊಲಿದು ಕೊಟ್ಟ ಶಾಲೆ ಅಂಗಿಗಳ ಒಂದು ಗಂಟು ವಾಪಸು ಬಂತು. ಮಕ್ಕಳು ಓಡಾಡಿದರೆ ಸಾಕು, ಗುಂಡಿಗಳು ತಾವಾಗಿ ಬಿಚ್ಚಿಕೊಳ್ಳುತ್ತಿವೆಯಂತೆ. ಮಾಸ್ಟರು ಒಂದು ಕಾಜವನ್ನು ಬೆಳಕಿಗೆ ಹಿಡಿದು ಅದರ ಸಂದಿಯಿಂದಲೇ ಕಾಜಕ್ಕನನ್ನು ನೋಡಿದರು.

“ಏನಮ್ಮ, ಇದು ಕಾಜಾನಾ ಕಿಟಕೀನಾ? ಬಾಗಿಲು ಹಾಕ್ಸಿದ್ರೆ ಬಾಡಿಗೆಗೆ ಕೊಡಬೋದು.”

ಮಿಷನ್ನಿನವರೆಲ್ಲ ನಕ್ಕರು. ಕಾಜಕ್ಕನೂ ನಕ್ಕಳು, ಆದರೆ ಕಿವಿ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಅವಳ ಕೈಯ ಕೆಲಸ ಹೀಗೆ ವಾಪಸು ಬಂದದ್ದೇ ಇಲ್ಲ. ಮನೆಯ ಅಳತೆ ಕೈಗೆ ಕೂತು ಅಂಗಡಿಗೂ ಬಂದುಬಿಟ್ಟಿತ್ತು. ಕಣ್ಣು ಮಂಜಾಗುತ್ತಿದೆ ಮಾಸ್ಟ್ರೇ, ಎಂದು ಹೇಳಿ ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದಳು. ಮಾಸ್ಟರು ಬಾಯಿ ತೆರೆದವರು, ಆ ಹೊತ್ತಿಗೆ ಒಳಗೆ ಬಂದ ಯಜಮಾನಿಯ ಅಂಗಿಯನ್ನು ನೋಡಿ ಕತ್ತರಿ ಎತ್ತಿಕೊಂಡರು. ಆ ದಿನ ಕೈಕಟ್ಟಿ ನಿಲ್ಲುವುದನ್ನೂ ಮರೆತರು.

ಕೇಂದ್ರದವರು ಕರೆದ ದಿನ ಕಾಜಕ್ಕ ಮಗಳಿಗೆ ನೀಲಿ ಬಣ್ಣದ ಹೊಸ ಅಂಗಿ ತೆಗೆದುಕೊಟ್ಟಳು. ಓದುವ ಹುಡುಗಿಯೂ ತರಗತಿ ತಪ್ಪಿಸಿ ಬಂದಿದ್ದಳು. ಬಸ್ಸಿನಲ್ಲಿ ಯಜಮಾನಿ ಇಬ್ಬರ ನಡುವೆ ಕೂತು ಇಬ್ಬರ ಕೈಯನ್ನೂ ಹಿಡಿದುಕೊಂಡಿದ್ದಳು. ಕೇಂದ್ರದ ಕೋಣೆ ದೊಡ್ಡದು, ಅಂಟಿನ ವಾಸನೆ. ಉದ್ದನೆಯ ಮೇಜಿನ ಸುತ್ತ ಕೂತವರೆಲ್ಲ ಬೂದು ಬಣ್ಣದ ಒಂದೇ ಥರದ ಅಂಗಿ ತೊಟ್ಟಿದ್ದರು. ಒಬ್ಬ ಹುಡುಗ ಯಜಮಾನಿಯನ್ನು ನೋಡಿ ತನ್ನ ಪಕ್ಕದ ಕುರ್ಚಿಯನ್ನು ಎಳೆದು ತಟ್ಟಿ ತೋರಿಸಿದ. ಯಜಮಾನಿ ಗೊಳಗೊಳ ನಕ್ಕಳು. ಕಾಜಕ್ಕನಿಗೆ ಆ ಕುರ್ಚಿಯ ಮೇಲಿಂದ ಕಣ್ಣು ಕೀಳಲಾಗಲಿಲ್ಲ.

ಕೇಂದ್ರದ ಮೇಡಂ ಒಳ್ಳೆಯವರು, ಗಡಿಬಿಡಿ ಇಲ್ಲದವರು. “ಏನಮ್ಮ, ನಿನ್ನ ಅಂಗಿ ಬಿಚ್ಚಿ ಹಾಕ್ಕೊಂಡು ತೋರಿಸ್ತೀಯಾ?” ಎಂದರು.

ಒಳಗೆ ಪರದೆ ಹಿಂದೆ, ಶಮೀಜಿನ ಮೇಲೆ, ಯಜಮಾನಿ ನೀಲಿ ಅಂಗಿಯ ಗುಂಡಿಗಳನ್ನು ಪಟಪಟ ಬಿಚ್ಚಿ ಪಟಪಟ ಹಾಕಿದಳು. ಒಂದೂ ತಪ್ಪಲಿಲ್ಲ. ಮೇಡಂ ಮುಖ ಅರಳಿತು. ಓದುವ ಹುಡುಗಿ ಚಪ್ಪಾಳೆ ತಟ್ಟಿದಳು. ಕಾಜಕ್ಕ ಗೋಡೆ ಹಿಡಿದು ನಿಂತಳು.

“ಭೇಷ್. ಈಗ ಇಲ್ಲಿನ ಅಂಗಿ,” ಎಂದು ಮೇಡಂ ಬೂದು ಅಂಗಿ ಕೊಟ್ಟರು. ಎಲ್ಲರಿಗೂ ಕೊಡುವಂಥದು, ಮಿಷನ್ನಿನಲ್ಲಿ ಕಾಜ ಹಾಕಿದ್ದು.

ಯಜಮಾನಿ ತೋಳು ತೂರಿಸಿದಳು. ನಾಲಿಗೆಯ ತುದಿ ಹೊರಬಂತು. ಒತ್ತಿದಳು. ಜಾರಿತು. ಮತ್ತೆ ಒತ್ತಿದಳು. ಕೆಳಗಿನ ಗುಂಡಿಗೆ ಹೋದಳು, ಮೇಲಿನದಕ್ಕೆ ಬಂದಳು. ಮೇಡಂ ಕಾದರು. ಪರದೆಯ ಆಚೆ ಅಂಟು ಹಚ್ಚುವವರು ಏನೋ ಹೇಳಿಕೊಂಡು ನಗುತ್ತಿದ್ದರು. ಯಜಮಾನಿಯ ಹಣೆ ಬೆವರಿತು. ಆದರೆ ಅವಳಿಗೆ ಹೆದರಿಕೆಯೇನೂ ಆಗಲಿಲ್ಲ. ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಅಂಗಿ ಕಳಚಿದಳು, ಸುತ್ತಿದಳು, ಹೆಗಲು ಬೀಸುತ್ತ ಬಂದು ಅಮ್ಮನ ಕೈಗೆ ಅದನ್ನು ಒತ್ತಿ, ಮುಖ ಎತ್ತಿ ಕಾಯುತ್ತ ನಿಂತಳು.

“ಏನು ಕೇಳ್ತಿದಾಳೆ?” ಎಂದರು ಮೇಡಂ.

ಕಾಜಕ್ಕ ಆ ಬೂದು ಅಂಗಿಯನ್ನು ಹಿಡಿದು ನಿಂತಳು. ಅದರ ಕಾಜದ ಮೇಲೆ ಅವಳ ಹೆಬ್ಬೆರಳು ತಾನಾಗಿ ಓಡಿತು. ಗುಂಡಿಗಿಂತ ಒಂದು ನೂಲೆಳೆಯಷ್ಟೇ ದೊಡ್ಡದು. ಸರಿಯಾದ ಕಾಜ.

“ಕತ್ತರಿ ಕೇಳ್ತಿದಾಳೆ,” ಎಂದಳು.

ಮೇಡಂಗೆ ಅರ್ಥವಾಗಲಿಲ್ಲ. ಕಾಜಕ್ಕನೇ ಎಲ್ಲವನ್ನೂ ಹೇಳಿದಳು, ತಲೆ ತಗ್ಗಿಸಿಕೊಂಡು. ಮೇಡಂ ಬೂದು ಅಂಗಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಚಿದರು. ಕಾಜ ದೊಡ್ಡದಾದರೆ ಗುಂಡಿ ನಿಲ್ಲುವುದಿಲ್ಲ, ಇಲ್ಲಿ ನೋಡಿಕೊಳ್ಳುವವರು ಕಡಿಮೆ, ಒಬ್ಬೊಬ್ಬರಿಗೂ ಬಟ್ಟೆ ತೊಡಿಸಲು ಆಗುವುದಿಲ್ಲ, ಒಬ್ಬರಿಗೆ ಬಿಟ್ಟರೆ ಹೊರಗೆ ಕಾಯುತ್ತಿರುವ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಇನ್ನಷ್ಟು ಅಭ್ಯಾಸ ಮಾಡಿಸಿ, ಮತ್ತೆ ಕರೆತನ್ನಿ, ಎಂದರು. ಕಾಜಕ್ಕ ಆಗಲಿ ಎಂದಳು. ಹೊರಡುವಾಗ ಆ ಹುಡುಗ ಇನ್ನೂ ಕುರ್ಚಿ ತಟ್ಟುತ್ತಲೇ ಇದ್ದ.

ಬಸ್ ನಿಲ್ದಾಣದಲ್ಲಿ ಅವಳು ಓದುವ ಹುಡುಗಿಗೆ ಹೇಳಿದಳು: “ಆವತ್ತು ನನಗೆ ಜಾಸ್ತಿ ಬಂತು ಅಂದ್ಯಲ್ಲ, ಅದನ್ನ ಹೊಡೆದುಹಾಕು.”

“ಒಂದ್ಸಲ ಹೇಳಿದ ಮೇಲೆ ಬದಲಾಯಿಸೋ ಹಾಗಿಲ್ಲ ಅಕ್ಕ.”

“ಸುಳ್ಳು ಹೇಳಿದ್ರೂ?”

“ನೀವು ಸುಳ್ಳು ಹೇಳ್ಲಿಲ್ಲ ಅಕ್ಕ.” ಹುಡುಗಿಯ ಕನ್ನಡಕ ಮಂಜಾಗಿತ್ತು. “ನಿಮಗೇ ಗೊತ್ತಿರ್ಲಿಲ್ಲ ಅಷ್ಟೆ.”

ಕಾಜಕ್ಕ ಅಭ್ಯಾಸ ಮಾಡಿಸದೆ ಬಿಡಲಿಲ್ಲ. ಸರಿಯಾದ ಕಾಜ ಹಾಕಿದ ಅಂಗಿಯೊಂದನ್ನು ಹೊಲಿದು ಬೆಳಿಗ್ಗೆ, ಸಂಜೆ ಕೂರಿಸಿದಳು. ಯಜಮಾನಿ ಒತ್ತುವಳು, ಸೋಲುವಳು, ಅಂಗಿ ಸುತ್ತಿ ಮಡಿಲಿಗೆ ತರುವಳು. ಕಾಜಕ್ಕ ಅದನ್ನು ಹಾಗೇ ವಾಪಸು ಕೊಡುವಳು. ಮತ್ತೆ ತರುವಳು. ಮತ್ತೆ ವಾಪಸು. ಕತ್ತರಿಗೆ ಏಕೆ ಕೈ ಹೋಗುತ್ತಿಲ್ಲವೆಂದು ತಿಳಿಯದೆ ಯಜಮಾನಿ ಅಮ್ಮನ ಬೆರಳುಗಳನ್ನು ಹಿಡಿದು ಕತ್ತರಿಯ ಕಡೆಗೆ ಎಳೆಯತೊಡಗಿದಳು. ಒಂದು ಬೆಳಿಗ್ಗೆ ತಾಯಿ ಕೈ ಕೊಡವಿ, “ನಿನ್ನ ಕೈಲಿ ಆಗಲ್ವೇನೇ? ಇಷ್ಟೂ ಆಗಲ್ವಾ?” ಎಂದು ಕಿರುಚಿದಳು. ಯಜಮಾನಿ ಅಂಗಿಯನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಳು. ಅದೇ ಕೊನೆ. ಆ ಅಂಗಿಯನ್ನು ಮತ್ತೆ ಪೆಟ್ಟಿಗೆಯಿಂದ ತೆಗೆಯಲಿಲ್ಲ.

ಶಾಲೆ ಮುಗಿಯಿತು. ಕಾಜಕ್ಕ ಅಂಗಡಿ ಬಿಟ್ಟಳು. ಅಂಗಡಿಯಲ್ಲೇ ಒಂದು ಮೂಲೆಯಲ್ಲಿ ಯಜಮಾನಿಯನ್ನು ಕೂರಿಸಿಕೋ ಎಂದು ಮಾಸ್ಟರು ಹೇಳಿದರು. ಕೂರಿಸಿಯೂ ನೋಡಿದರು. ಇಡೀ ದಿನ ಮಿಷನ್ನುಗಳ ಸದ್ದಿಗೆ ಅವಳು ಕಿವಿ ಮುಚ್ಚಿಕೊಂಡು ಅತ್ತಳು. ಕೊನೆಗೆ ಕೆಲಸದ ಗಂಟೇ ಮನೆಗೆ ಬರತೊಡಗಿತು. ವಾರಕ್ಕೊಮ್ಮೆ ಮಾಸ್ಟರೇ ತಂದು ಬಾಗಿಲಲ್ಲಿ ಇಟ್ಟು, “ಯಜಮಾನಿ, ಇವಳ ಮೇಲೆ ಒಂದು ಕಣ್ಣಿಡಿ,” ಎಂದು ಹೇಳಿ, ನಿಲ್ಲಲು ಹೊತ್ತಿಲ್ಲದೆ ಹೋಗುತ್ತಿದ್ದರು. ಕಾಜಕ್ಕ ಕಿಟಕಿ ಪಕ್ಕ ಕೂತು ಹೊಲಿಯುತ್ತಿದ್ದಳು. ನಗಿಸಲು ಮಾತು ಬಾಯಿಗೆ ಬಂದು, ಕೇಳುವವರಿಲ್ಲದೆ ಹಾಗೇ ಒಳಗೆ ಹೋಗುತ್ತಿತ್ತು.

ಓದು ಮುಗಿಸಿದ ಹುಡುಗಿ ತನ್ನ ಊರಿಗೆ ಹೊರಡುವ ಮುನ್ನ ಬಂದಳು. ಬೇಸಿಗೆ, ಸ್ವೆಟರು ಇರಲಿಲ್ಲ. ಯಜಮಾನಿ ಅವಳ ಎದೆಯ ಮೇಲೆ ಕೈಯಾಡಿಸಿ ಗುಂಡಿ ಹುಡುಕಿದಳು. ಸಿಗಲಿಲ್ಲ. ಹುಡುಗಿ ಆ ಮಡಿಚಿದ ಬೆರಳುಗಳನ್ನು ಹಿಡಿದುಕೊಂಡು ಕೂತಳು.

“ನಿನ್ನ ಆ ಇನ್ನೊಂದು ಅರ್ಧ ಇದೆಯಲ್ಲ, ಒಂಟಿ ಅನ್ನೋದು,” ಎಂದಳು ಕಾಜಕ್ಕ, “ಅದರಲ್ಲಿ ಓದದೇ ಇರೋರನ್ನೂ ಸೇರಿಸ್ಕೋತಾರಾ?”

“ಸೇರಿಸ್ಕೋಬೇಕಿತ್ತು ಅಕ್ಕ.”

“ಹೋಗ್ಲಿ ಬಿಡು. ಸುಮ್ನೆ ಕೇಳ್ದೆ. ಟೀ ಆರಿಹೋಗುತ್ತೆ, ಕುಡಿ.”

ಮತ್ತೆ ಬರ್ತೀನಿ ಅಕ್ಕ, ಒಂದು ಪ್ರಶ್ನೆ ಉಳಿದಿದೆ, ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದಳು. ಬರಲಿಲ್ಲ. ಬರಲಾಗಲಿಲ್ಲವೇನೋ, ಅವಳನ್ನು ಕಾಜಕ್ಕ ಒಂದು ದಿನವೂ ಬೈಯಲಿಲ್ಲ.

ಅವಳು ಹೋದ ಮೇಲೆ ಒಂದು ಮಧ್ಯಾಹ್ನ ಕಾಜಕ್ಕ ಹತ್ತಿಯ ಬಟ್ಟೆ ಹರವಿಕೊಂಡು ಗೌನು ಹೊಲಿದಳು. ಅಗಲ ಕುತ್ತಿಗೆ, ಮುಂದೆ ಸೀಳಿಲ್ಲ, ತಲೆಯ ಮೇಲಿಂದ ಇಳಿಬಿಡುವಂಥದು. ಮರುದಿನ ಬೆಳಿಗ್ಗೆ ಅದು ಒಂದೇ ಎಳೆತಕ್ಕೆ ಮೈಗೆ ಇಳಿಯಿತು. ಯುದ್ಧವಿಲ್ಲ, ಬೆವರಿಲ್ಲ. ಯಜಮಾನಿ ಮಂಚದ ಅಂಚಿಗೆ ಹೋಗಿ ಕೂತಳು, ನಾಲಿಗೆಯ ತುದಿ ಹೊರಗೆ ಹಾಕಿದಳು, ಕೈ ಎದೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕುತ್ತಿಗೆಯಿಂದ ಕೆಳಕ್ಕೆ ತಡವಿದಳು, ಮತ್ತೆ ಮೇಲಕ್ಕೆ ಬಂದಳು, ಬಟ್ಟೆಯನ್ನು ತಿರುಗಿಸಿ ಒಳಗೆ ನೋಡಿದಳು. ದಿನವಿಡೀ ಆಗಾಗ ಹಾಗೇ ತಡವುತ್ತಿದ್ದಳು. ಮರುದಿನವೂ ತಡವಿದಳು.

ಕಾಜಕ್ಕನಿಗೆ ತಡೆಯಲಾಗಲಿಲ್ಲ. ಡಬ್ಬಿಯಿಂದ ದೊಡ್ಡದೊಂದು ಗುಂಡಿ ಆರಿಸಿ, ಗೌನಿನ ಎದೆಯ ಮೇಲೆ, ಕೈಗೆ ಎಟುಕುವ ಜಾಗದಲ್ಲಿ ಇಟ್ಟು ಹೊಲಿದಳು. ನಾಲ್ಕು ಕಣ್ಣಿಗೂ ದಾರ ಹಾಯಿಸಿ, ಬುಡಕ್ಕೆ ಸುತ್ತಿ, ಗಂಟು ಹಾಕಿದಳು. ಅದರ ಎದುರಿಗೆ ಸೀಮೆಸುಣ್ಣದ ಗೆರೆ ಎಳೆಯಲು ಕೈ ಎತ್ತಿ, ಹಾಗೇ ಕೆಳಗಿಟ್ಟಳು. ಕಾಜ ಇಲ್ಲದ ಗುಂಡಿಯನ್ನು ಜೀವಮಾನದಲ್ಲಿ ಅವಳು ಹೊಲಿದದ್ದು ಅದೊಂದೇ.

ಯಜಮಾನಿಗೆ ಗುಂಡಿ ಸಿಕ್ಕಿತು. ಹಿಡಿದಳು, ತಿರುಗಿಸಿದಳು, ಗೊಳಗೊಳ ನಕ್ಕಳು. ಹೆಬ್ಬೆರಳಿನ ಬುಡದಿಂದ ಬಟ್ಟೆಗೆ ಒತ್ತಿದಳು. ಮತ್ತೆ ಒತ್ತಿದಳು. ಆಮೇಲೆ ಎದ್ದು, ಹೆಗಲು ಬೀಸುತ್ತ ಬಂದು, ಗೌನಿನ ಆ ಭಾಗವನ್ನು ಅಮ್ಮನ ಮಡಿಲಿಗೆ ಚಾಚಿ ಬಾಗಿ ನಿಂತಳು. ಕತ್ತರಿ ಪಕ್ಕದಲ್ಲೇ ಇತ್ತು. ಕಾಜಕ್ಕ ಅದನ್ನು ಮುಟ್ಟಲಿಲ್ಲ. ಮಗಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಗುಂಡಿಯ ಮೇಲೆ ಇಟ್ಟು, ಹಾಗೇ ಹಿಡಿದು ಕೂತಳು. ಮಾಸ್ಟರು ಇಟ್ಟುಹೋದ ಗಂಟು ಬಾಗಿಲಲ್ಲಿ ಬಿಚ್ಚದೆ ಬಿದ್ದಿತ್ತು.